ಪರೀಕ್ಷೆಯ ಪುಟ

ಅನ್ನವು ಬೆಂದಿತೋ ಇಲ್ಲವೋ ಎಂಬದನ್ನು ನೋಡುವದಕ್ಕೆ ಗೃಹಿಣಿಯು ಪಾತ್ರೆಯೊಳಗಿನ ಅಗುಳುಗಳನ್ನೆಲ್ಲ ಹಿಚುಕುವದಿಲ್ಲ. ಒಂದೇ ಅಗುಳನ್ನು ಬೆರಳುಗಳ ನಡುವೆ ಒತ್ತಿ ನೋಡಿ, ಮೆತ್ತಗಿದ್ದರೆ ಪಾತ್ರೆಯನ್ನು ಇಳಿಸುತ್ತಾಳೆ. ಪ್ರಾಚೀನ ಶಾಸ್ತ್ರಕಾರರು ಇದಕ್ಕೆ ಸ್ಥಾಲೀಪುಲಾಕನ್ಯಾಯವೆಂದು ಹೆಸರಿಟ್ಟರು. ಈ ನ್ಯಾಯಕ್ಕೆ ಬಲವು ಎಲ್ಲಿಂದ ಬಂದಿತೆಂಬದನ್ನು ಮಾತ್ರ ಬಹುಜನರು ವಿಚಾರಿಸುವದಿಲ್ಲ. ಒಂದೇ ನೀರು, ಒಂದೇ ಒಲೆ, ಒಂದೇ ಅಕ್ಕಿ. ಆದುದರಿಂದ ಒಂದರ ಸಾಕ್ಷ್ಯವು ಎಲ್ಲಕ್ಕೂ ಸಾಕು. ಖಾನಾಪುರದ ಅಕ್ಕಿಯನ್ನೂ ಕಡಲೆಬೇಳೆಯನ್ನೂ ಒಂದೇ ಪಾತ್ರೆಯಲ್ಲಿ ಹಾಕಿ ಬೇಯಿಸಿದವಳು ಅಕ್ಕಿಯ ಅಗುಳನ್ನು ಹಿಚುಕಿ ಬೇಳೆಯೂ ಬೆಂದಿತೆಂದು ನಂಬಿದರೆ, ಕೇಡು ಉಣ್ಣುವವರ ಹಲ್ಲಿಗೆ.

ಈ ವಿಚಾರವು ಇಂದಿನ ದಿನ ಅತ್ಯಂತ ಸಾಮಾನ್ಯವಾದ ಒಂದು ಸ್ಥಳದಲ್ಲಿ, ಎಂದರೆ ಝೆರಾಕ್ಸ್ ಅಂಗಡಿಯಲ್ಲಿ, ಎದುರಾಗುತ್ತದೆ. ಹೊಸ ಯಂತ್ರವನ್ನಾಗಲಿ ದುರಸ್ತಿಯಾಗಿ ಬಂದ ಹಳೆಯದನ್ನಾಗಲಿ ಕೊಳ್ಳುವವನು ಅದರ ಗಾಜಿನ ಮೇಲೆ ಒಂದು ಹಾಳೆಯನ್ನಿಟ್ಟು ಪ್ರತಿ ತೆಗೆದು ನೋಡುತ್ತಾನೆ. ಪ್ರತಿಯು ಅಂದವಾಗಿ ಬಂದರೆ ವ್ಯವಹಾರವು ಮುಗಿಯಿತು. ಆದರೆ ಆ ಹಾಳೆ ಯಾವುದು? ಅದನ್ನು ಆರಿಸಿದವರು ಯಾರು? ಬಹುಶಃ ಯಂತ್ರವನ್ನು ಮಾರಲು ಬಂದವನೇ ತನ್ನ ಚೀಲದಿಂದ ತೆಗೆದು ಕೊಟ್ಟಿರುತ್ತಾನೆ. ದಪ್ಪ ಅಕ್ಷರದ ಇಂಗ್ಲಿಷ್ ತಲೆಬರಹ, ನಗುವ ಮುಖದ ಒಂದು ಚಿತ್ರ, ಅಚ್ಚಬಿಳಿಯ ನುಣುಪು ಕಾಗದ. ಅದರ ಪ್ರತಿಯು ಕೆಟ್ಟು ಬರಬೇಕೆಂದರೆ ಯಂತ್ರವು ಪೂರ್ತಿ ಹಾಳಾಗಿಯೇ ಇರಬೇಕು.

ಬೆಳಗಾವಿಯ ದಕ್ಷಿಣ ಮಗ್ಗುಲಿನ ವಡಗಾವಿಯಲ್ಲಿ ಇಂಥ ಅಂಗಡಿಗೆ ಬರುವ ಕಾಗದಗಳೇ ಬೇರೆ. ವಡಗಾವಿಯು ಶಹಾಪುರ, ಖಾಸಬಾಗಗಳಂತೆ ನೇಕಾರರ ಕೇರಿ. ಕೈಮಗ್ಗದ ಸೀರೆಯಿಂದ ಬೆಳೆದು ವಿದ್ಯುತ್ ಮಗ್ಗಕ್ಕೆ ಬಂದ ಊರು. ಅಲ್ಲಿಯ ಗಿರಾಕಿಯು ತರುವದು ನಾಲ್ಕಾಗಿ ಮಡಚಿ ಮಡಚಿ ಗೆರೆಬಿದ್ದ ರೇಶನ್ ಕಾರ್ಡು. ಬೆವರಿನಿಂದ ಅಂಚು ಕಂದಿದ ಕೂಲಿಯ ಚೀಟಿ. ಅಜ್ಜನ ಕಾಲದ ಶಾಲೆಯ ದಾಖಲೆ, ಅದರ ಮೇಲೆ ನೇರಳೆ ಬಣ್ಣದ ಮುದ್ರೆ. ಖಾನಾಪುರದ ಕಡೆಯಿಂದ ಕೋರ್ಟು ಕಚೇರಿಗಳಿಗೆಂದು ಬಂದವನು ಹೊಲದ ಉತಾರವನ್ನು ತರುತ್ತಾನೆ. ಮನೆಯ ಪೆಟ್ಟಿಗೆಯಲ್ಲಿ ಉಳಿದ ಹಳೆಯ ಖರೀದಿಪತ್ರವನ್ನೂ ತರುತ್ತಾನೆ. ಬೆಳಗಾವಿಯು ಮುಂಬಯಿ ಇಲಾಖೆಗೆ ಸೇರಿದ್ದ ಕಾಲದ ಆ ಪತ್ರವು ಒಮ್ಮೆ ಕನ್ನಡದಲ್ಲಿರುವದು, ಒಮ್ಮೆ ಬಾಲಬೋಧದ ಮರಾಠಿಯಲ್ಲಿರುವದು, ಇನ್ನೊಮ್ಮೆ ಲೇಖಣಿಯನ್ನೆತ್ತದೆ ಓಡಿಸಿ ಬರೆದ ಮೋಡಿಯಲ್ಲಿರುವದು. ಕಾಗದವು ಹಳದಿಯಾಗಿ, ಶಾಯಿಯು ಕಂದಾಗಿ, ಎರಡರ ನಡುವಿನ ಭೇದವು ಕಣ್ಣಿಗೇ ಕಷ್ಟವಾಗಿರುತ್ತದೆ. ಮಾರುವವನ ಚೀಲದೊಳಗಿನ ಹಾಳೆಯು ಅಕ್ಕಿಯ ಅಗುಳು. ಈ ಕಾಗದಗಳು ಬೇಳೆ. ಅಗುಳು ಬೆಂದಿತೆಂದು ಪಾತ್ರೆಯನ್ನಿಳಿಸಿದ ಅಂಗಡಿಗಳು ಎಷ್ಟೋ ಇವೆ.

ಯಂತ್ರದ ಒಳಗೆ ನಡೆಯುವದನ್ನು ತುಸು ತಿಳಿದರೆ ಪುಟವನ್ನು ಆರಿಸುವ ವಿಷಯದಲ್ಲಿಯ ತೊಡಕು ಸ್ಪಷ್ಟವಾಗುವದು. ಡ್ರಮ್ಮಿನ ಮೈಗೆ ಮೊದಲು ವಿದ್ಯುತ್ತಿನ ಲೇಪವು ದೊರೆಯುತ್ತದೆ. ಮೂಲದ ಬಿಳಿಯ ಭಾಗದಿಂದ ತಿರುಗಿ ಬಂದ ಬೆಳಕು ಬಿದ್ದಲ್ಲಿ ಆ ವಿದ್ಯುತ್ತು ಇಳಿದುಹೋಗುತ್ತದೆ, ಅಕ್ಷರವಿದ್ದಲ್ಲಿ ಉಳಿಯುತ್ತದೆ. ಉಳಿದ ಕಡೆ ಮಸಿಪುಡಿಯು ಅಂಟಿ, ಹಾಳೆಗೆ ಇಳಿದು, ಬಿಸಿಯಿಂದ ಕರಗಿ ನಿಲ್ಲುತ್ತದೆ. ಹಳೆಯ ಯಂತ್ರಗಳ ರೀತಿ ಇದು. ಇಂದಿನವುಗಳಲ್ಲಿ ಮೂಲವನ್ನು ಮೊದಲು ಅಂಕಿಗಳಾಗಿ ಓದಿ, ಬಳಿಕ ಲೇಸರ್ ಕಿರಣದಿಂದ ಡ್ರಮ್ಮಿನ ಮೇಲೆ ಬರೆಯುವದುಂಟು. ಆದರೂ ವಿದ್ಯುತ್ತು, ಪುಡಿ, ಬಿಸಿ ಎಂಬ ಮೂರು ಮೆಟ್ಟಲುಗಳು ಹಾಗೆಯೇ ಇವೆ. ಕಂದು ಶಾಯಿಯು ಹಳದಿ ಕಾಗದದ ಮೇಲೆ ಇದ್ದಾಗ ಬಿಳುಪಿಗೂ ಕಪ್ಪಿಗೂ ನಡುವಿನ ಗಡಿಯನ್ನು ಎಲ್ಲಿ ಹಾಕಬೇಕೆಂಬದನ್ನು ಯಂತ್ರವು ನಿಶ್ಚಯಿಸಬೇಕಾಗುತ್ತದೆ. ಗಡಿಯು ಅತ್ತ ಸರಿದರೆ ಅಕ್ಷರವು ಮಾಯವಾಗುವದು. ಇತ್ತ ಸರಿದರೆ ಕಾಗದದ ಕಲೆಗಳೆಲ್ಲ ಅಕ್ಷರಗಳಾಗುವವು.

ಈ ಯಂತ್ರದ ವಂಶಕ್ಕೆ ಮೂಲಪುರುಷನಾದ ಚೆಸ್ಟರ್ ಕಾರ್ಲ್‌ಸನ್ನನು ಆರಿಸಿದ ಪರೀಕ್ಷೆಯ ಪುಟವು ಚರಿತ್ರೆಯಲ್ಲಿ ಉಳಿದಿದೆ. ಪೇಟೆಂಟ್ ಕಚೇರಿಯ ಕೆಲಸದಲ್ಲಿ ಪ್ರತಿ ಮಾಡಿ ಮಾಡಿ ಕೈಸೋತಿದ್ದ ಆತನು 1938ರ ಅಕ್ಟೋಬರ 22ರಂದು, ನ್ಯೂಯಾರ್ಕಿನ ಅಸ್ಟೋರಿಯಾ ಎಂಬಲ್ಲಿ, ಓಟೋ ಕೊರ್ನೈ ಎಂಬ ಸಹಾಯಕನೊಡನೆ, ಗಂಧಕವನ್ನು ಬಳಿದ ಸತುವಿನ ತಗಡನ್ನು ಕರವಸ್ತ್ರದಿಂದ ಉಜ್ಜಿ, ಮಸಿಯಿಂದ ಬರೆದ ಗಾಜಿನ ಚೂರನ್ನು ಅದರ ಮೇಲಿಟ್ಟು ದೀಪವನ್ನು ಹಿಡಿದನು. ಗಾಜಿನ ಮೇಲೆ ಬರೆದದ್ದು ಆ ದಿನದ ತಾರೀಖು ಮತ್ತು ಆ ಊರ ಹೆಸರು, ಅಷ್ಟೇ. ಸಣ್ಣ ಅಕ್ಷರದ ಕರಾರುಪತ್ರವನ್ನು ಆ ದಿನ ಇಟ್ಟಿದ್ದರೆ ಏನೂ ಮೂಡದೆ ಕೆಲಸವೇ ನಿಂತುಹೋಗುತ್ತಿತ್ತೇನೋ. ಸುಲಭವಾದ ಪುಟವು ಯಾವಾಗಲೂ ವಂಚನೆಯೆನ್ನಲಾಗದು. ಹುಟ್ಟಿದ ಕೂಸಿನಿಂದ ಒಂದು ಅಳುವನ್ನಷ್ಟೇ ಬೇಡುವದು ಯೋಗ್ಯ. 1959ರಲ್ಲಿ 914 ಎಂಬ ಯಂತ್ರವಾಗಿ ಬೆಳೆದು ಪೇಟೆಗೆ ಬಂದು, ಜನರ ಹೊಲಮನೆಗಳ ಕಾಗದವನ್ನು ಕೈಗೆ ತೆಗೆದುಕೊಂಡ ಬಳಿಕ ಅದೇ ಅಳುವಿಗೆ ಮೆಚ್ಚಬೇಕಾಗಿಲ್ಲ.

ಅನುಭವಿಕ ಮೆಕ್ಯಾನಿಕನು ಮೊಟ್ಟಮೊದಲು ಇಡುವ ಪುಟವು ವಿಚಾರವಂತರಿಗೆ ರುಚಿಸುವಂತಹದು. ಅದು ಬರಿಯ ಬಿಳಿ ಹಾಳೆ. ಏನೂ ಇಲ್ಲದಲ್ಲಿ ಯಂತ್ರವು ಏನನ್ನಾದರೂ ಹೇಳುತ್ತದೆಯೋ ಎಂಬದನ್ನು ಅದರಿಂದ ನೋಡುತ್ತಾರೆ. ಹಿನ್ನೆಲೆಯ ಬೂದುಬಣ್ಣ, ಉದ್ದಕ್ಕೆ ಎಳೆದ ಸಣ್ಣ ಗೆರೆ, ಒಂದೇ ಅಂತರದಲ್ಲಿ ಮರುಮರಳಿ ಬೀಳುವ ಚುಕ್ಕೆ ಇವು ತುಂಬಿದ ಪುಟದಲ್ಲಿ ಅಕ್ಷರಗಳ ಮರೆಯಲ್ಲಿ ಅಡಗಿರುತ್ತವೆ, ಬಿಳಿಯ ಹಾಳೆಯಲ್ಲಿ ಹೊರಬೀಳುತ್ತವೆ. ಚುಕ್ಕೆಗಳ ನಡುವಿನ ಅಂತರವನ್ನಳೆದು ಯಾವ ಉರುಳೆಯ ಸುತ್ತಳತೆಗೆ ಅದು ಸರಿಹೋಗುವದೆಂದು ನೋಡಿ, ಗಾಯವಾದ ಉರುಳೆಯನ್ನು ಹುಡುಕುತ್ತಾರೆ. ಮನುಷ್ಯರಲ್ಲಿಯೂ ಮಾತಿನ ಸಂತೆಯಲ್ಲಿ ತಿಳಿಯದ ದೋಷವು ಸುಮ್ಮನಿರಬೇಕಾದ ಹೊತ್ತಿನಲ್ಲಿ ತಿಳಿಯುವದುಂಟು. ಬಿಳಿಯದಾದ ಮೇಲೆ ಪೂರ್ಣ ಕಪ್ಪಿನ ಹಾಳೆ. ಅದರಲ್ಲಿ ಮಸಿ ಬಾರದೆ ಉಳಿದ ತೇಪೆಗಳು ಕಾಣುವವು. ಆಮೇಲೆ ಸಣ್ಣ ಗೆರೆ, ನಸುಬೂದಿನಿಂದ ಕಪ್ಪಿನವರೆಗಿನ ಮೆಟ್ಟಲುಗಳು.

ಹಾಳೆಯಷ್ಟೇ ಅಲ್ಲ, ದಿನವೂ ಆಯ್ಕೆಗೆ ಸೇರಿದ್ದು. ಬೇಸಿಗೆಯ ಒಣ ದಿನದಲ್ಲಿ ಚೆನ್ನಾಗಿ ನಡೆದ ಯಂತ್ರವು ಆಷಾಢದಲ್ಲಿ ಬೇರೆಯೇ ಆಗಿರುತ್ತದೆ. ಕಣಕುಂಬಿ, ಜಾಂಬೋಟಿಗಳ ಕಡೆಯಿಂದ ಮೋಡವು ಎದ್ದು ಬಂದು ಬೆಳಗಾವಿಯಲ್ಲಿ ವಾರಗಟ್ಟಲೆ ಜಿನುಗುವಾಗ ಕಾಗದದ ಕಟ್ಟುಗಳು ತೇವವನ್ನು ಹೀರುತ್ತವೆ. ತೇವದ ಹಾಳೆಗೆ ಪುಡಿಯು ಸರಿಯಾಗಿ ಇಳಿಯದೆ ಅಕ್ಷರಗಳು ತೇಪೆತೇಪೆಯಾಗುತ್ತವೆ. ಬೆಳೆಸಾಲಕ್ಕೂ ಶಾಲೆಯ ಪ್ರವೇಶಕ್ಕೂ ಜನರು ಕಾಗದಗಳನ್ನು ಹಿಡಿದು ಓಡಾಡುವದು ಸರಿಯಾಗಿ ಅದೇ ತಿಂಗಳುಗಳಲ್ಲಿ. ಯುಗಾದಿಯ ಬಿಸಿಲಿನಲ್ಲಿ ಪರೀಕ್ಷೆ ಮಾಡಿ ಕೊಂಡವನು ಅರ್ಧ ವರ್ಷವನ್ನಷ್ಟೇ ಪರೀಕ್ಷಿಸಿದಂತಾಯಿತು.

ಇಷ್ಟರವರೆಗಿನ ಮಾತು ಅಂದ-ಚಂದಗಳದು, ಎಂದರೆ ಪ್ರತಿಯು ನಿಚ್ಚಳವೋ ಮಂಕೋ ಎಂಬದರದು. ನೀತಿಯ ಪ್ರಶ್ನೆಯು ತನ್ನ ನಿಜರೂಪವನ್ನು ತೋರಿಸುವದು ಮುಂದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಗಣಕಶಾಸ್ತ್ರಜ್ಞನು ಒಂದು ಸಂಗತಿಯನ್ನು ಬಯಲಿಗೆ ತಂದನು. ಮನೆಯ ನಕ್ಷೆಯೊಂದನ್ನು ಝೆರಾಕ್ಸ್ ಕಂಪನಿಯ ವರ್ಕ್‌ಸೆಂಟರ್ ಎಂಬ ಯಂತ್ರದಲ್ಲಿ ಸ್ಕ್ಯಾನ್ ಮಾಡಿ ಉಳಿಸಲಾಗಿತ್ತು. ಮೂಲದಲ್ಲಿ ಮೂರು ಕೋಣೆಗಳ ವಿಸ್ತಾರವು 14.13, 21.11, 17.42 ಚದರ ಮೀಟರುಗಳೆಂದಿದ್ದರೆ, ಸ್ಕ್ಯಾನಿನಲ್ಲಿ ಮೂರಕ್ಕೂ 14.13 ಎಂದೇ ಬಂದಿತ್ತು. ದೊಡ್ಡ ಕೋಣೆಯು ಚಿಕ್ಕದಕ್ಕೆ ಸಮನಾಗಿತ್ತು! ಅಂಕಿಗಳೇನೂ ಮಸುಕಾಗಿರಲಿಲ್ಲ, ಅಚ್ಚುಹೊಡೆದಂತೆ ನಿಚ್ಚಳವಾಗಿದ್ದವು. ಕಡತವು ಹಗುರಾಗಲೆಂದು, ಒಂದನ್ನೊಂದು ಹೋಲುವ ಆಕಾರಗಳನ್ನು ಒಮ್ಮೆ ಮಾತ್ರ ಕಾದಿಟ್ಟು ಬೇಕಾದಲ್ಲೆಲ್ಲ ಅದನ್ನೇ ಅಂಟಿಸುವ ಒಂದು ಪದ್ಧತಿಯು ಯಂತ್ರದೊಳಗೆ ಇತ್ತು. ಹೋಲಿಕೆಯ ನಿರ್ಣಯವು ಸಡಿಲಾದಾಗ 6 ಇದ್ದಲ್ಲಿ 8 ಬಂದು ಕುಳಿತಿತು. ದೋಷವು ಕೆಳದರ್ಜೆಯ ಗುಣಮಟ್ಟವನ್ನು ಆರಿಸಿದಾಗ ಮಾತ್ರವೆಂದು ಮೊದಲು ತಿಳಿಯಲಾಗಿತ್ತು; ಮೇಲುದರ್ಜೆಯಲ್ಲಿಯೂ ಉಂಟೆಂದು ಬಳಿಕ ಸಿದ್ಧವಾಗಿ, ಕಂಪನಿಯು ತಿದ್ದುಪಡಿಯನ್ನು ಹೊರಡಿಸಿತು.

ಮಸುಕಾದ ಪ್ರತಿಯು ತನಗೆ ತಿಳಿಯದೆಂದು ಒಪ್ಪಿಕೊಳ್ಳುತ್ತದೆ. ಓದುವವನು ಕಣ್ಣು ಕಿರಿದುಮಾಡಿ, ಸಂಶಯಪಟ್ಟು, ಮೂಲವನ್ನು ತಾ ಎನ್ನುತ್ತಾನೆ. ನಿಚ್ಚಳವಾದ ತಪ್ಪು ಪ್ರತಿಯಾದರೋ ಸಂಶಯಕ್ಕೆ ಎಡೆಯನ್ನೇ ಕೊಡುವದಿಲ್ಲ. ಹಳೆಯ ಯಂತ್ರವು ಮರೆಗುಳಿ ಮುದುಕನಂಥ ಸಾಕ್ಷಿ. ಇದು ಪಾಠಮಾಡಿಸಿಕೊಂಡು ಬಂದ ಸಾಕ್ಷಿ. ನ್ಯಾಯಾಧೀಶನಿಗೆ ಇವರಲ್ಲಿ ಯಾರ ಭಯವು ಹೆಚ್ಚೆಂಬದನ್ನು ಕೇಳಬೇಕಾದುದಿಲ್ಲ. ಹೀಗಿರುವಾಗ ಅಂದವನ್ನಷ್ಟೇ ತೋರಿಸುವ ಪುಟವನ್ನಿಟ್ಟು ಪರೀಕ್ಷಿಸುವವನು, ತಾನು ಯಾವುದಕ್ಕೆ ಹೆದರಬೇಕಾಗಿತ್ತೋ ಅದಕ್ಕೇ ಶಾಭಾಸು ಕೊಡುವ ಸಂಭವವಿದೆ.

ಕನ್ನಡದ ಓದುಗರಿಗೆ ಈ ಭಯವು ಇನ್ನೂ ಸಮೀಪದ್ದು. ಈ ಲಿಪಿಯಲ್ಲಿ ದೊಡ್ಡ ದೊಡ್ಡ ಅರ್ಥಗಳು ಸಣ್ಣ ಸಣ್ಣ ಗುರುತುಗಳ ಮೇಲೆ ನಿಂತಿವೆ. ದಕಾರದ ಹೊಟ್ಟೆಯ ಕೆಳಗೆ ಒಂದು ಸೀಳು ಬಿದ್ದರೆ ಧಕಾರ, ಅದರೊಳಗೆ ಮತ್ತೊಂದು ಚುಕ್ಕೆ ಬಿದ್ದರೆ ಥಕಾರ. ಸೀಳಿನಲ್ಲಿ ಪುಡಿ ತುಂಬಿಕೊಂಡಿತೆಂದರೆ ಧನವು ದನವಾಗುವದು. ರಕಾರದ ನಡುವೆ ಚುಕ್ಕೆಯಿಟ್ಟರೆ ಠಕಾರ. ಗಾಜಿನ ಮೇಲಿನ ಒಂದು ಧೂಳಿನ ಕಣವು ಮರವನ್ನು ಮಠ ಮಾಡಬಲ್ಲದು, ಚುಕ್ಕೆಯು ಹಾರಿಹೋದರೆ ಮಠವು ಮರವಾಗಬಲ್ಲದು. ಹಿರೇಮಠ ಎಂಬ ಅಡ್ಡಹೆಸರಿನ ಕುಟುಂಬಗಳು ಈ ಸೀಮೆಯಲ್ಲಿ ಎಷ್ಟಿವೆಯೆಂಬದನ್ನು ವಾಚಕರೇ ಬಲ್ಲರು. ಹಳೆಯ ಕೈಬರಹದಲ್ಲಿ ೬ಕ್ಕೂ ೯ಕ್ಕೂ ಇರುವ ಭೇದವು ಬಾಲದ ತಿರುವಿನಲ್ಲಿದೆ. ಹೊಲದ ಗುಂಟೆಗಳನ್ನು ಬರೆದ ಕಾಗದದಲ್ಲಿ ಆ ಬಾಲದ ಬೆಲೆ ಮೂರು ಗುಂಟೆ. ಮರಾಠಿಯಲ್ಲಿಯೂ ಹಾಗೆಯೇ. ತ್ಯಾಚಾ ಎಂದರೆ ಅವನದು, ತ್ಯಾಂಚಾ ಎಂದರೆ ಅವರದು. ಬಾಲಬೋಧದಲ್ಲಿ ಇವೆರಡರ ನಡುವೆ ಇರುವದು ತಲೆಯ ಮೇಲಿನ ಒಂದು ಚುಕ್ಕೆ ಮಾತ್ರ. ಅಣ್ಣತಮ್ಮಂದಿರ ಪಾಲಿನ ಪತ್ರದಲ್ಲಿ ಆ ಚುಕ್ಕೆಯ ಸಲುವಾಗಿ ಎರಡು ತಲೆಮಾರು ಕೋರ್ಟಿಗೆ ಅಲೆಯಬಹುದು.

ದಪ್ಪಕ್ಷರದ ಇಂಗ್ಲಿಷ್ ಪುಟವು ಇವುಗಳಲ್ಲಿ ಒಂದನ್ನಾದರೂ ಪರೀಕ್ಷಿಸುವದಿಲ್ಲ. ಇದು ವಡಗಾವಿಯ ದುರ್ದೈವವಷ್ಟೇ ಎಂದು ತಿಳಿಯಬೇಕಾಗಿಲ್ಲ. ಫ್ಯಾಕ್ಸ್ ಯಂತ್ರಗಳಿಗೆ ಜಗತ್ತಿಗೆಲ್ಲ ಒಂದೇ ನಿಯಮವು 1980ರಲ್ಲಿ ಗೊತ್ತಾಗುವ ಕಾಲಕ್ಕೆ, ಸಿ.ಸಿ.ಐ.ಟಿ.ಟಿ. ಎಂಬ ಅಂತರರಾಷ್ಟ್ರೀಯ ಸಮಿತಿಯು ಎಂಟು ಪುಟಗಳನ್ನು ಪರೀಕ್ಷೆಗೆಂದು ಬಳಸಿತು. ಇಂಗ್ಲಿಷಿನ ಒಂದು ವ್ಯಾಪಾರದ ಪತ್ರ, ವಿದ್ಯುತ್ ಮಂಡಲದ ನಕ್ಷೆ, ಫ್ರೆಂಚಿನ ಬಿಲ್ಲು, ಒತ್ತೊತ್ತಾದ ಫ್ರೆಂಚ್ ಬರಹ, ಹೀಗೆ ನಡೆದು ಏಳನೆಯದು ಜಪಾನಿ ಬರಹದ ಪುಟ. ಜಪಾನಿನವರು ಆ ಸಭೆಯಲ್ಲಿ ಕುಳಿತಿದ್ದರು. ಅವರ ಲಿಪಿಯ ಗೋಜಲು ಪರೀಕ್ಷೆಗೆ ಸೇರಿತು. ಭಾರತದ ಯಾವ ಲಿಪಿಯೂ ಆ ಎಂಟರಲ್ಲಿ ಇರಲಿಲ್ಲ. ಕೊಡಾಕ್ ಕಂಪನಿಯು ಬಣ್ಣದ ಛಾಯಾಚಿತ್ರಗಳನ್ನು ಮುದ್ರಿಸುವವರಿಗೆ 1950ರ ದಶಕದಿಂದ ಕಳಿಸುತ್ತಿದ್ದ ಕಾರ್ಡಿನ ಕಥೆಯಂತೂ ಇನ್ನೂ ಕಣ್ಣು ತೆರೆಯಿಸುವಂತಹದು. ಶರ್ಲಿ ಎಂಬ ನೌಕರಳ ಹೆಸರಿನಿಂದ ಪ್ರಸಿದ್ಧವಾದ ಆ ಕಾರ್ಡಿನಲ್ಲಿ ಬಿಳಿಮೈಯ ಹೆಂಗಸಿನ ಚಿತ್ರವಿತ್ತು. ಅವಳ ಮೈಬಣ್ಣವು ಸರಿಬಂದರೆ ಎಲ್ಲವೂ ಸರಿಬಂದಂತೆ. ಕಪ್ಪು ಮೈಯವರ ಮುಖದಲ್ಲಿ ಕಣ್ಣು ಹಲ್ಲುಗಳ ಹೊರತು ಮಿಕ್ಕದ್ದು ಕತ್ತಲೆಯಲ್ಲಿ ಮುಳುಗುತ್ತಿದ್ದರೂ ಪರೀಕ್ಷೆಯು ಪಾಸಾಗಿಯೇ ಇರುತ್ತಿತ್ತು. ಚಾಕಲೇಟಿನ ಮತ್ತು ಮರದ ಸಾಮಾನಿನ ವ್ಯಾಪಾರಿಗಳು ತಮ್ಮ ಸರಕಿನ ಕಂದುಬಣ್ಣಗಳ ಭೇದವು ಚಿತ್ರದಲ್ಲಿ ಬರುತ್ತಿಲ್ಲವೆಂದು ದೂರಿದ ಮೇಲೆ ಫಿಲ್ಮಿನ ಸುಧಾರಣೆಗೆ ಚಾಲನೆ ಸಿಕ್ಕಿತೆಂದು ಆ ಕಂಪನಿಯಲ್ಲಿದ್ದವರೇ ಹೇಳಿದ್ದಾರೆ. ಯಾರೂ ಬೇಕೆಂದು ದ್ರೋಹವನ್ನು ಬಗೆಯಲಿಲ್ಲ. ಪುಟವನ್ನು ಆರಿಸುವವನು ತನಗೆ ಪರಿಚಿತವಾದುದನ್ನು ಆರಿಸಿದನು. ಪರಿಚಿತವಲ್ಲದವರ ಮೇಲೆ ಅದರ ಫಲವು ಬಿತ್ತು.

ಇಲ್ಲಿ ಒಂದು ಆಕ್ಷೇಪವನ್ನು ಗೌರವದಿಂದ ವಿಚಾರಿಸಬೇಕು. ಪ್ರತಿಯೊಬ್ಬನು ತನ್ನ ತನ್ನ ಹರಕು ಕಾಗದವನ್ನು ತಂದು ಪರೀಕ್ಷಿಸತೊಡಗಿದರೆ ಒಂದು ಯಂತ್ರವನ್ನು ಇನ್ನೊಂದರೊಡನೆ ಹೋಲಿಸುವ ಬಗೆ ಹೇಗೆ? ಅಳತೆಗೋಲು ಎಲ್ಲರಿಗೂ ಒಂದೇ ಇರಬೇಕಷ್ಟೇ. ಈ ಕಾರಣದಿಂದಲೇ ಅಂತರರಾಷ್ಟ್ರೀಯ ಮಾನಕ ಸಂಸ್ಥೆಗಳು ಐ.ಎಸ್.ಓ. 19752 ಎಂಬ ನಿಯಮವನ್ನು 2004ರಲ್ಲಿ ಹೊರಡಿಸಿ, ಮಸಿಯ ಒಂದು ಡಬ್ಬಿಯಿಂದ ಎಷ್ಟು ಹಾಳೆಗಳು ಬರುವವೆಂಬದನ್ನು ಒಂದೇ ಗೊತ್ತಾದ ಪುಟವನ್ನು ಮತ್ತೆ ಮತ್ತೆ ಮುದ್ರಿಸಿ ಎಣಿಸಬೇಕೆಂದು ವಿಧಿಸಿದವು. ಇಂಥ ಪುಟವಿಲ್ಲದ ಕಾಲದಲ್ಲಿ ಒಬ್ಬೊಬ್ಬ ವ್ಯಾಪಾರಿಯು ತನಗೆ ಅನುಕೂಲವಾದ ಪುಟವನ್ನಿಟ್ಟು ಎಣಿಸುವದಕ್ಕೆ ಆಸ್ಪದವಿತ್ತು. ಗೊತ್ತಾದ ಪುಟದ ಉಪಕಾರವನ್ನು ಅಲ್ಲಗಳೆಯಲಾಗದು.

ಆದರೆ ಗೊತ್ತಾದ ಪುಟಕ್ಕೆ ಗೊತ್ತಾದದ್ದೆಂಬುದೇ ಒಂದು ದೋಷ. ಹಿಂದಿನ ಕಾಲದಲ್ಲಿ ಶಾಲೆಯ ತಪಾಸಣೆಗೆ ಇನ್‌ಸ್ಪೆಕ್ಟರ ಸಾಹೇಬರು ಬರುವರೆಂದು ತಿಳಿದ ಕೂಡಲೆ ಪಂತೋಜಿಯು ಜಾಣ ಹುಡುಗರನ್ನು ಮುಂದಿನ ಸಾಲಿನಲ್ಲಿ ಕೂಡ್ರಿಸಿ, ಒಂದೇ ಪದ್ಯವನ್ನು ಎಂಟು ದಿನ ಬಾಯಿಪಾಠ ಮಾಡಿಸುತ್ತಿದ್ದನು. ಸಾಹೇಬರು ಆ ಪದ್ಯವನ್ನೇ ಕೇಳುತ್ತಿದ್ದರು. ಶಾಲೆಗೆ ಒಳ್ಳೆಯ ಶೇರಾ ಬೀಳುತ್ತಿತ್ತು. ಯಂತ್ರಗಳು ಈ ವಿದ್ಯೆಯನ್ನು ಕಲಿಯಲಾರವೆಂದು ತಿಳಿದಿದ್ದವರಿಗೆ 2015ರ ಸಪ್ಟಂಬರದಲ್ಲಿ ಉತ್ತರ ಸಿಕ್ಕಿತು. ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಮೋಟಾರುಗಳು ತಾವು ಪರೀಕ್ಷೆಯ ಕಟ್ಟೆಯ ಮೇಲೆ ಇರುವದನ್ನು ತಾವೇ ಗುರುತಿಸಿ ಅಷ್ಟು ಹೊತ್ತು ಶುದ್ಧವಾದ ಹೊಗೆಯನ್ನು ಬಿಡುವಂತೆಯೂ, ರಸ್ತೆಗಿಳಿದಾಗ ಮಿತಿಯನ್ನು ಎಷ್ಟೋ ಪಟ್ಟು ಮೀರುವಂತೆಯೂ ರಚಿತವಾಗಿದ್ದವೆಂದು ಅಮೆರಿಕದ ಸರಕಾರವು ಹೊರಗೆಡಹಿತು. ಹೋಲಿಕೆಯ ಸಲುವಾಗಿ ಒಂದು ಗೊತ್ತಾದ ಪುಟ ಇರಲಿ. ವಿಶ್ವಾಸದ ಸಲುವಾಗಿ ಮಾರುವವನಿಗೆ ಗೊತ್ತಿಲ್ಲದ ಇನ್ನೊಂದು ಪುಟ ಬೇಕು. ಮೊದಲನೆಯದು ಪೇಟೆಯ ಕೆಲಸಕ್ಕೆ, ಎರಡನೆಯದು ಊರಿನ ಕೆಲಸಕ್ಕೆ.

ಇನ್ನೊಂದು ಆಕ್ಷೇಪವು ಬಡ ಅಂಗಡಿಕಾರನದು, ಮತ್ತು ಅದರಲ್ಲಿ ಹುರುಳು ಹೆಚ್ಚು. ಹಳದಿ ಕಾಗದ, ಕಂದು ಶಾಯಿ, ಮೋಡಿಯ ಬರಹ ಇಂಥವನ್ನೆಲ್ಲ ಇಟ್ಟು ನೋಡಿದರೆ ಅವನ ಕೈಗೆಟಕುವ ಬೆಲೆಯ ಯಾವ ಯಂತ್ರವೂ ಉತ್ತೀರ್ಣವಾಗದು. ಮೂಲವೇ ಕೆಟ್ಟಿರುವಾಗ ಪ್ರತಿಯನ್ನು ದೂರುವದು ಅನ್ಯಾಯವಲ್ಲವೇ? ಕನ್ನಡಿಯನ್ನು ಮುಖದ ಸಲುವಾಗಿ ಒಡೆದಂತಲ್ಲವೇ? ಈ ಮಾತಿಗೆ ಉತ್ತರವು ಪರೀಕ್ಷೆಯ ಉದ್ದೇಶದಲ್ಲಿದೆ. ಪರೀಕ್ಷೆಯೆಂದರೆ ತಳ್ಳಿಹಾಕುವ ಉಪಾಯವೆಂದೇ ಈಗ ಎಲ್ಲರೂ ತಿಳಿದಿದ್ದಾರೆ. ಶಾಲೆಗಳು ಅದನ್ನು ಹಾಗೆ ಮಾಡಿಬಿಟ್ಟಿವೆ. ವೈದ್ಯನು ನಾಡಿಯನ್ನು ಹಿಡಿಯುವದು ರೋಗಿಯನ್ನು ಹೊರಗೆ ಹಾಕುವದಕ್ಕಲ್ಲ. ಯಂತ್ರವು ಪೆನ್ಸಿಲಿನ ಬರಹವನ್ನು ಎತ್ತಲಾರದೆಂದು ತಿಳಿದ ಅಂಗಡಿಕಾರನು ಯಂತ್ರವನ್ನು ಬಿಡಬೇಕಾಗಿಲ್ಲ. ಪೆನ್ಸಿಲಿನ ಷರಾ ಇರುವ ಕಾಗದವನ್ನು ಹಿಡಿದು ಬಂದವನಿಗೆ ಇಷ್ಟು ಹೇಳಿದರೆ ಸಾಕು: ‘ಕಾಕಾ, ಈ ಮಗ್ಗಲಿನ ಬರಹ ನಮ್ಮ ಯಂತ್ರದಾಗ ಮೂಡೂದಿಲ್ಲ, ಪ್ರತಿ ತಗದರೂ ಒಮ್ಮೆ ಮೂಲದ ಜೊತೆ ಹಚ್ಚಿ ನೋಡ್ರಿ.’ ಈ ಒಂದು ಮಾತಿನಲ್ಲಿ ಯಂತ್ರದ ದೋಷದ ಅರ್ಧವು ಹೋಯಿತು. ತಿಳಿಯದೆ ಇದ್ದವನು ಈ ಮಾತನ್ನು ಹೇಳಲಾರನು. ತಿಳಿಯಬಾರದೆಂದೇ ಸುಲಭವಾದ ಪುಟವನ್ನು ಆರಿಸಿದವನ ಅಜ್ಞಾನವು ಅಜ್ಞಾನವೆನ್ನಿಸಿಕೊಳ್ಳುವದಿಲ್ಲ.

ನೇಕಾರನಿಗೆ ಈ ಭೇದವನ್ನು ಯಾರೂ ಕಲಿಸಬೇಕಾದುದಿಲ್ಲ. ಸೀರೆಯನ್ನು ನೋಡಬಂದ ಹೊಸ ಗಿರಾಕಿಗೆ ಸೆರಗನ್ನು ಹರವಿ ತೋರಿಸುವರು. ಬಲ್ಲ ಗಿರಾಕಿಯು ಸೆರಗನ್ನು ಬದಿಗೆ ಸರಿಸಿ, ಒಡಲನ್ನು ತಿರುವಿಹಾಕಿ, ಬೆಳಕಿಗೆ ಹಿಡಿದು ಎಳೆ ತಪ್ಪಿದೆಯೋ ನೋಡುವಳು. ಅವಳು ಉಡುವದು ಒಡಲನ್ನು. ವಡಗಾವಿಯಲ್ಲಿ ಝೆರಾಕ್ಸ್ ಯಂತ್ರವನ್ನು ಕೊಳ್ಳುವವನ ಮನೆಯಲ್ಲಿಯೇ ಇಂಥ ಬಲ್ಲವಳೊಬ್ಬಳು ಇರುವ ಸಂಭವವಿರುವಾಗ ಅವನು ಯಂತ್ರದ ಸೆರಗಿಗೆ ಮರುಳಾಗುವದು ಆಶ್ಚರ್ಯವೇ ಸರಿ.

ಪ್ರತಿಯೊಂದು ಕೆಟ್ಟರೆ ಮತ್ತೊಂದು ತೆಗೆದರಾಯಿತು, ಮೂಲವು ಹೇಗೂ ಇದ್ದೇ ಇರುವದಲ್ಲ, ಎಂದು ಹಗುರಾಗಿ ಹೇಳುವವರುಂಟು. ಮೂಲವು ಇರುವವರೆಗೆ ಆ ಮಾತು ನಿಜ. ಖಾನಾಪುರ ತಾಲೂಕಿನ ಹಲಸಿಯು ಪ್ರಾಚೀನ ಕಾಲದಲ್ಲಿ ಪಲಾಶಿಕೆಯೆಂಬ ಹೆಸರಿನಿಂದ ಕದಂಬರ ರಾಜಧಾನಿಗಳಲ್ಲೊಂದಾಗಿತ್ತು. ಅಲ್ಲಿ ದೊರೆತ ಕದಂಬರ ತಾಮ್ರಪಟಗಳಲ್ಲಿ ಒಂದು, ಕಾಕುಸ್ಥವರ್ಮನು ತನ್ನನ್ನು ಕಾಪಾಡಿದ ಶ್ರುತಕೀರ್ತಿಯೆಂಬ ಸೇನಾಪತಿಗೆ ಹೊಲವನ್ನು ಕೊಟ್ಟುದನ್ನು ಹೇಳುತ್ತದೆ. ಆ ಕಾಲದ ಉತಾರವೆಂದರೂ ಸಲ್ಲುವದು. ಅದನ್ನು ಬರೆಸಿದ ಅರಸನ ಆಜ್ಞೆಯು ಇಲ್ಲ, ಆ ಹೊಲದ ಗಡಿಕಲ್ಲುಗಳಿಲ್ಲ, ಕೊಂಡವನ ವಂಶವೂ ಯಾರಿಗೂ ತಿಳಿಯದು. ಕಮ್ಮಾರನ ಉಳಿಯು ತಗಡಿನ ಮೇಲೆ ಪ್ರತಿ ಮಾಡಿದುದಷ್ಟೇ ಉಳಿಯಿತು, ಅದೇ ಮೂಲವಾಯಿತು. ಈ ಪಟಗಳನ್ನು ಫ್ಲೀಟರು 1870ರ ದಶಕದಲ್ಲಿ ಇಂಡಿಯನ್ ಆಂಟಿಕ್ವರಿಯಲ್ಲಿ ಪ್ರಕಟಿಸಿದರು. ಓದುವವರಲ್ಲಿ ಬಹುಜನರು ತಾಮ್ರವನ್ನು ಕಣ್ಣಿನಿಂದ ಕಾಣಲೇ ಇಲ್ಲ. ಅವರಿಗೆ ಮುದ್ರಿತವಾದುದೇ ಪಟ. ಶಾಸನಶಾಸ್ತ್ರಜ್ಞರು ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಹರಡಿ ಕುಂಚದಿಂದ ಬಡಿದು ಮಸಿಯಚ್ಚನ್ನು ತೆಗೆಯುವಾಗ, ಅಳಿದ ಅಕ್ಷರವನ್ನು ಕೈಯಿಂದ ತಿದ್ದಿ ಅಂದಮಾಡುವದನ್ನು ದೊಡ್ಡ ದೋಷವೆಂದು ಎಣಿಸಲು ಕಲಿತದ್ದು ಈ ಕಾರಣದಿಂದಲೇ. ಅಳಿದ ಅಕ್ಷರವು ಅಳಿದಂತೆಯೇ ಬಂದರೆ ಮುಂದಿನ ಓದುಗನು ಬೇರೆ ಊಹೆಯನ್ನು ಮಾಡಬಹುದು. ತಿದ್ದಿದ್ದರೆ ಅವನ ದಾರಿಯೇ ಮುಚ್ಚಿತು. 2013ರಲ್ಲಿ ಯಂತ್ರವು ಜರ್ಮನಿಯ ನಕ್ಷೆಗೆ ಮಾಡಿದ್ದು ಇದೇ ತಿದ್ದುವಿಕೆಯನ್ನು.

ಕದಂಬರ ಕಾಲದವರೆಗೆ ಹೋಗುವದೂ ಬೇಡ. 2019ರ ಆಗಸ್ಟಿನಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ನೆರೆಯು ಬಂದು ಮನೆಗಳ ಗೋಡೆಗಳು ಕುಸಿದಾಗ, ಗೋಡೆಯೊಡನೆ ಪೆಟ್ಟಿಗೆಗಳೂ ಪೆಟ್ಟಿಗೆಗಳೊಡನೆ ಕಾಗದಗಳೂ ಹೋದವು. ಎಂದೋ ಯಾವುದೋ ಅರ್ಜಿಗೆ ಹಚ್ಚಿದ್ದ ಝೆರಾಕ್ಸ್ ಪ್ರತಿಯು ಕಚೇರಿಯ ಕಡತದಲ್ಲಿ ಉಳಿದಿದ್ದರೆ, ಅಂಥ ಮನೆಯವರಿಗೆ ಅದಕ್ಕಿಂತ ಹಳೆಯ ಸಾಕ್ಷಿಯಿಲ್ಲ. ಅದನ್ನು ತೆಗೆದ ದಿನ ಯಂತ್ರದ ಡ್ರಮ್ಮಿನಲ್ಲಿ ಗೀರಿತ್ತೋ, ಹಾಳೆಯು ತೇವವಾಗಿತ್ತೋ, ಮಠದ ಚುಕ್ಕೆಯು ಉಳಿದಿತ್ತೋ ಎಂಬದು ಆ ದಿನ ಒಂದೆರಡು ರೂಪಾಯಿಯ ಮಾತು. ಪರೀಕ್ಷೆಯ ಪುಟವನ್ನು ಆರಿಸುವವನ ಎದುರಿಗೆ ನಿಲ್ಲದೆ ಇರುವ ಗಿರಾಕಿಯೆಂದರೆ ಈತನೇ, ಮತ್ತು ಪುಟವನ್ನು ಆರಿಸತಕ್ಕದ್ದು ಈತನ ಪರವಾಗಿ.

ಹಾಗಾದರೆ ವಡಗಾವಿಯ ಅಂಗಡಿಯಲ್ಲಿ ಎಂಥ ಪುಟವಿರಬೇಕು? ಬಿಳಿಯ ಹಾಳೆಯೂ ಕಪ್ಪು ಹಾಳೆಯೂ ಇರಲಿ. ಅವುಗಳೊಡನೆ ಕೈಯಿಂದಲೇ ಬರೆಯಿಸಿದ ಒಂದು ಪುಟವಿರಲಿ. ಹಳದಿಗಟ್ಟಿದ ಕಾಗದದ ಮೇಲೆ ಶಾಯಿಯ ಎರಡು ಸಾಲು, ಪೆನ್ಸಿಲಿನ ಒಂದು ಸಾಲು, ನೇರಳೆ ಮುದ್ರೆಯೊಂದು, ಮಠ-ಮರಗಳೂ ಧನ-ದನಗಳೂ ಬರುವ ಕನ್ನಡ, ಚುಕ್ಕೆಯುಳ್ಳ ಮತ್ತು ಚುಕ್ಕೆಯಿಲ್ಲದ ಮರಾಠಿ, ಎಕರೆ-ಗುಂಟೆಗಳ ಅಂಕಿಗಳು, ನಡುವೆ ಒಂದು ಮಡಿಕೆಯ ಗೆರೆ. ಪದಗಳು ಅರ್ಥದಿಂದ ಊಹಿಸಲು ಬಾರದಂತಿರಬೇಕು. ‘ಹಿರೇಮಠ’ ಎಂಬಲ್ಲಿ ಚುಕ್ಕೆ ಹೋದರೂ ಕಣ್ಣು ತಾನೇ ಚುಕ್ಕೆಯನ್ನಿಟ್ಟು ಓದುವದು, ಹೊಲದ ಗಡಿಯಲ್ಲಿ ಮರವಿದೆಯೋ ಮಠವಿದೆಯೋ ಎಂಬಲ್ಲಿ ಹಾಗೆ ಓದಲಾಗದು.

ಓದುವವನ ವಿಷಯದಲ್ಲಿಯೂ ಎಚ್ಚರ ಬೇಕು. ಪುಟವನ್ನು ಬರೆದವನು ಪ್ರತಿಯನ್ನು ಓದಬಾರದು. ಅವನು ಕಾಗದವನ್ನು ಓದುವದಿಲ್ಲ, ನೆನಪನ್ನು ಓದುತ್ತಾನೆ. ಮುದ್ರಣಾಲಯದಲ್ಲಿ ಕರಡನ್ನು ತಿದ್ದುವಾಗ ಒಬ್ಬನು ಗಟ್ಟಿಯಾಗಿ ಓದುವನು, ಇನ್ನೊಬ್ಬನು ಮೂಲದ ಮೇಲೆ ಬೆರಳಾಡಿಸುವನು. ಇಲ್ಲಿಯೂ ಪುಟವನ್ನು ಎಂದೂ ಕಾಣದ ಒಬ್ಬ ಶಾಲೆಯ ಹುಡುಗನಿಗೆ ಪ್ರತಿಯನ್ನು ಕೊಟ್ಟು ಓದಿಸಬೇಕು. ಅವನು ತಡೆದಲ್ಲಿ ಒಂದು ಗುರುತು, ತಡೆಯದೆ ತಪ್ಪಿದಲ್ಲಿ ಎರಡು ಗುರುತು.

ಪರೀಕ್ಷೆಯ ಪುಟವೂ ಕಾಗದವೇ, ಬಳಸಿದಂತೆ ಸವೆಯುವದು. ಅದು ಸವೆಯಿತೆಂದು ಅಂಗಡಿಕಾರನು ಅದೇ ಯಂತ್ರದಲ್ಲಿ ಅದರ ಪ್ರತಿಯನ್ನು ತೆಗೆದು, ಮೂಲವನ್ನು ಕಪಾಟಿನಲ್ಲಿಟ್ಟು, ಪ್ರತಿಯಿಂದಲೇ ಪರೀಕ್ಷೆಯನ್ನು ನಡೆಸತೊಡಗಿದರೆ ಯಂತ್ರದ ದೋಷವು ಪುಟದೊಳಗೇ ಸೇರಿಹೋಗುವದು. ಕಳೆದ ಚುಕ್ಕೆಯು ಪುಟದಲ್ಲಿಯೂ ಇರದು, ಪ್ರತಿಯಲ್ಲಿಯೂ ಇರದು. ಎರಡೂ ಸರಿಹೊಂದುವವು, ಹುಡುಗನು ಎಲ್ಲಿಯೂ ತಡೆಯದೆ ಓದಿ ಮುಗಿಸುವನು. ಆದುದರಿಂದ ಹೊಸ ಪುಟವನ್ನು ಪ್ರತಿವರ್ಷವೂ, ಆಷಾಢದಲ್ಲಿ ಮಂಗಾಯಿದೇವಿಯ ಜಾತ್ರೆಯಾಗುವ ಮಳೆಯ ದಿನಗಳಲ್ಲಿ, ಮತ್ತೆ ಕೈಯಿಂದಲೇ ಬರೆಯಿಸಿ ಕೆಳಗೆ ತಾರೀಖನ್ನು ಹಾಕಿಸಬೇಕು.